ಮಧ್ಯದ ಮೂವತ್ತೊಂದು ವರ್ಷ

ಸಂಶೋಧನಾ ಪ್ರಬಂಧದ ಎರಡನೆಯ ಅಧ್ಯಾಯದ ಕರಡನ್ನು ಓದಿದ ನನ್ನ ಮಾರ್ಗದರ್ಶಕರು ಒಂದು ವಾಕ್ಯದ ಕೆಳಗೆ ಗೆರೆ ಎಳೆದು ವಾಪಸು ಕೊಟ್ಟರು. ಆ ವಾಕ್ಯ ಹೀಗಿತ್ತು: ‘1949ರಲ್ಲಿ ಸ್ಥಾಪನೆಯಾದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿತು.’ ಎರಡು ಇಸವಿಗಳೂ ಸರಿಯಾಗಿಯೇ ಇದ್ದವು. ಅಂಚಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮಧ್ಯದ ಮೂವತ್ತೊಂದು ವರ್ಷ ಎಲ್ಲಿ?’

ನಾನು ಅವನ್ನು ಒಂದು ಅಲ್ಪವಿರಾಮದೊಳಗೆ ಹಾಕಿ ಮುಚ್ಚಿದ್ದೆ. ನಾನೊಬ್ಬನೇ ಅಲ್ಲ, ರಂಗಭೂಮಿಯ ಚರಿತ್ರೆ ಬರೆಯುವ ನಮಗೆಲ್ಲ ಇದೊಂದು ಅಭ್ಯಾಸ. ಕಟ್ಟಡ, ಪಠ್ಯಕ್ರಮ, ಪ್ರಮಾಣಪತ್ರ ಬಂದ ಮೇಲೆಯೇ ಚರಿತ್ರೆ ಶುರುವಾಗುತ್ತದೆ. ಅದಕ್ಕೂ ಮೊದಲು ಊರಿನ ಹುಡುಗರು ಹಗಲು ತೋಟದ ಕೆಲಸ ಮಾಡಿ ರಾತ್ರಿ ನಾಟಕ ಕಲಿತದ್ದನ್ನು ‘ಹವ್ಯಾಸಿ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿದಾಗ ಕೆ.ವಿ. ಸುಬ್ಬಣ್ಣ ಅವರಿಗೆ ಹದಿನೇಳು ವರ್ಷ. ಸಂಘದ ಹೆಸರಿನಲ್ಲಿ ಮೊದಲು ದೇವರಿದ್ದಾನೆ, ಆಮೇಲೆ ನಾಟ್ಯ, ಅದರ ಬೆನ್ನಿಗೆ ಸೇವೆ. ಆ ಕಾಲದ ಹಳ್ಳಿಯ ಯುವಕ ಸಂಘಗಳಿಗೆಲ್ಲ ಇಂಥವೇ ಹೆಸರುಗಳಿದ್ದವು. ಹೆಸರನ್ನು ಚಿಕ್ಕದು ಮಾಡುವಾಗ ಸೇವೆ ಬಿದ್ದುಹೋಗಿ ‘ನೀನಾಸಂ’ ಉಳಿಯಿತು. ಅದರಲ್ಲಿ ‘ನೀ’ ಮತ್ತು ‘ನಾ’ ಪಕ್ಕಪಕ್ಕದಲ್ಲಿ ಕೂತಿರುವುದು ಆಕಸ್ಮಿಕವೇ ಇರಬಹುದು. ಹಾಗೆಂದು ನಂಬಲು ನನಗೆ ಮನಸ್ಸಿಲ್ಲ.

ಮಲೆನಾಡಿನ ಹಳ್ಳಿಯಲ್ಲಿ ನಾಟಕ ಆಡುವುದೆಂದರೆ ಮೊದಲು ಬಿಡುವು ಹುಡುಕಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಹೊಡೆಯಬೇಕು. ಕೊಯ್ಲಿನ ಕಾಲಕ್ಕೆ ಮನೆಯವರೂ ನೆರೆಹೊರೆಯವರೂ ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿಯೆಲ್ಲ ಅಡಿಕೆ ಸುಲಿಯುತ್ತಾರೆ. ಇವೆರಡರ ನಡುವೆ ಸಿಕ್ಕಿದ ಸಂಜೆಗಳಲ್ಲಿ ತಾಲೀಮು ನಡೆಯಬೇಕು. ಹಾಗಾಗಿ ಹಳ್ಳಿಯ ಹವ್ಯಾಸಿ ತಂಡದಲ್ಲಿ ನಟ ಎಂಬ ಪ್ರತ್ಯೇಕ ಜಾತಿ ಇರುವುದಿಲ್ಲ. ಪರದೆ ಕಟ್ಟಿದವನೇ ರಾಜನಾಗಿ ಒಳಬರುತ್ತಾನೆ, ನಾಟಕ ಮುಗಿದ ಮೇಲೆ ಬೆಂಚು ಹೊತ್ತು ಶಾಲೆಗೆ ತಲುಪಿಸುವವನೂ ಅವನೇ. ಇದನ್ನು ಬಡತನದ ಲಕ್ಷಣವೆಂದು ನಾನು ಮೊದಲು ಓದಿಕೊಂಡಿದ್ದೆ. ಈಗ ಇದೊಂದು ಶಿಕ್ಷಣಕ್ರಮವಾಗಿ ಕಾಣುತ್ತಿದೆ.

ಹಾಗೆಂದು ಆ ಊರನ್ನು ಒಂದು ಸುಖೀ ಕುಟುಂಬದಂತೆ ಚಿತ್ರಿಸಿದರೆ ಅದು ಇನ್ನೊಂದು ತಪ್ಪು. ಸಂಘ ಹುಟ್ಟಿ ಎರಡು ವರ್ಷಕ್ಕೆ, 1951ರಲ್ಲಿ, ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದರಿಂದ ಶುರುವಾದ ಜಗಳ ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ‘ಊರಿನವರ ನಾಟಕ’ ಎಂದು ಬರೆಯುವಾಗಲೆಲ್ಲ ಈ ಕೊಳಗ ನನ್ನ ಕಣ್ಣೆದುರು ಬರುತ್ತದೆ. ಊರಿನವರು ಎಂದರೆ ಯಾರು? ತೋಟದ ಒಡೆಯನೋ, ಗೇಣಿಗೆ ಗದ್ದೆ ಮಾಡಿದವನೋ? ಸುಬ್ಬಣ್ಣ ಲೋಹಿಯಾ ವಿಚಾರಗಳತ್ತ ವಾಲಿದವರು. ಅವರು ಮುಂದೆ ಕಟ್ಟಿದ್ದನ್ನು ಈ ನೆಲದ ಜಗಳದಿಂದ ಬೇರ್ಪಡಿಸಿ ಬರೀ ಸೌಂದರ್ಯದ ಕತೆಯಾಗಿ ಹೇಳಲು ಬರುವುದಿಲ್ಲ.

ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದರು. ಕುವೆಂಪು ಅವರ ಮೇಷ್ಟ್ರು. ಓದಿದ ಹುಡುಗರು ಪೇಟೆಯಲ್ಲೇ ಉಳಿಯುವುದು ರೂಢಿ, ಇವರು ಊರಿಗೆ ಹಿಂತಿರುಗಿದರು. 1957ರಲ್ಲಿ ಅಕ್ಷರ ಪ್ರಕಾಶನ, 1972ರಲ್ಲಿ ಶಿವರಾಮ ಕಾರಂತರು ಬದುಕಿದ್ದಾಗಲೇ ಅವರ ಹೆಸರಿನ ರಂಗಮಂದಿರ, ಮರುವರ್ಷ ಚಿತ್ರಸಮಾಜ. ಈ ಪಟ್ಟಿ ಎಲ್ಲರಿಗೂ ಗೊತ್ತು. 1991ರ ಮ್ಯಾಗ್ಸೆಸೆ ಪ್ರಶಸ್ತಿಯಂತೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲೂ ಇದೆ.

ನನಗೆ ಹೊಸದಾಗಿ ಹೊಳೆದದ್ದು 1985ರ ‘ತಿರುಗಾಟ’ದ ವಿಷಯ. ಆ ಹೆಸರು ಯಕ್ಷಗಾನದ್ದು. ಮಳೆ ನಿಂತ ಮೇಲೆ ಮೇಳ ಹೊರಟು ಊರೂರು ಸುತ್ತುವುದಕ್ಕೆ ಕರಾವಳಿ, ಮಲೆನಾಡಿನಲ್ಲಿ ತಿರುಗಾಟ ಎನ್ನುತ್ತಾರೆ. ರಂಗಶಿಕ್ಷಣ ಕೇಂದ್ರದಲ್ಲಿ ಕಲಿತ ನಟರು ಹೊಸ ನಾಟಕಗಳನ್ನು ಕಟ್ಟಿಕೊಂಡು ಕರ್ನಾಟಕದುದ್ದಕ್ಕೂ ಹೊರಟಾಗ ಅವರಿಗೆ ಬೇಕಾಗಿದ್ದು ದೊಡ್ಡ ರಂಗಮಂದಿರಗಳಲ್ಲ. ಪ್ರತಿ ಊರಿನಲ್ಲೂ ಜಾಗ ಹೊಂದಿಸಿ, ಟಿಕೆಟ್ ಮಾರಿ, ರಾತ್ರಿ ಹನ್ನೊಂದಕ್ಕೆ ಇಪ್ಪತ್ತು ಜನಕ್ಕೆ ಅನ್ನ ಸಾರು ಬಡಿಸುವ ಹತ್ತು ಹುಡುಗರು ಬೇಕಿತ್ತು. ಅಂದರೆ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದಂಥದ್ದೇ ಒಂದು ಸಂಘ. ತಿರುಗಾಟ ಇಷ್ಟು ವರ್ಷ ನಡೆದದ್ದರಲ್ಲಿ ನಟರ ಶ್ರಮ ಎಷ್ಟಿದೆಯೋ ಈ ಹೆಸರಿಲ್ಲದ ಸಂಘಗಳ ಪಾಲೂ ಅಷ್ಟಿದೆ.

ಇಲ್ಲೇ ನನ್ನ ತಕರಾರೂ ಇದೆ. ತರಬೇತಾದ ತಂಡ ಬಂದು ಅಚ್ಚುಕಟ್ಟಾದ ನಾಟಕ ತೋರಿಸಿ ಹೋದ ಮೇಲೆ ಅದೇ ಊರಿನ ಹುಡುಗರಿಗೆ ತಾವು ಆಡುವ ಗಾಂಪರ ನಾಟಕ ನಾಚಿಕೆ ತರಿಸುವುದಿಲ್ಲವೆ? ಬಣ್ಣ ಹಚ್ಚುತ್ತಿದ್ದವರು ಬ್ಯಾನರ್ ಕಟ್ಟುವವರಾದರು ಎಂದು ಹಲವು ಊರುಗಳ ಹಿರಿಯರು ನನ್ನ ಹತ್ತಿರ ಹೇಳಿದ್ದಾರೆ. ಹೇಳುವಾಗ ದೂರಿನ ದನಿ ಇರಲಿಲ್ಲ, ಹೆಮ್ಮೆಯೇ ಇತ್ತು. ಅದು ನನ್ನನ್ನು ಇನ್ನಷ್ಟು ಕಾಡಿತು. ಈ ಅಪಾಯ ನೀನಾಸಂ ಬಳಿಯವರಿಗೂ ಗೊತ್ತಿದ್ದಂತಿದೆ. ಎಂಬತ್ತರ ದಶಕದ ಮೊದಲರ್ಧದಲ್ಲೇ ‘ಜನಸ್ಪಂದನ’ ಯೋಜನೆಯಡಿ ಹಳ್ಳಿಗಳಿಗೆ ಹೋಗಿ ಶಿಬಿರ ನಡೆಸಿದರು. ಚಿದಂಬರರಾವ್ ಜಂಬೆ ಅವರು ಉತ್ತರ ಕನ್ನಡದ ಸಿದ್ದಿ ಸಮುದಾಯದವರಿಂದಲೇ ಚಿನುವ ಅಚಿಬೆಯ ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. ನೋಡುವವರನ್ನು ಆಡುವವರನ್ನಾಗಿಸಿದ ಆ ಕೆಲಸ ಇನ್ನೂ ಹೆಚ್ಚಬೇಕಿತ್ತು ಎಂದೇ ನನ್ನ ಭಾವನೆ.

ಹೆಗ್ಗೋಡಿನಲ್ಲಿ ಮಾತ್ರ ಹಳೆಯ ಪದ್ಧತಿ ನಿಂತಿಲ್ಲ. ಸುತ್ತಲಿನ ಊರಿನವರೇ ಸೇರಿ ಆಡುವ ನೀನಾಸಂ ಬಳಗದ ನಾಟಕವೊಂದನ್ನು ಸಂಸ್ಕೃತಿ ಶಿಬಿರಕ್ಕೆ ಹೋಗಿದ್ದಾಗ ನೋಡಿದೆ. ಮಾರನೆಯ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನ ರಾತ್ರಿಯ ನಟರೊಬ್ಬರು ಬೈಕಿನ ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದರು. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿತ್ತು. ನಾಟಕ ಚೆನ್ನಾಗಿತ್ತು ಎಂದೆ. ‘ಎರಡನೇ ದೃಶ್ಯದಲ್ಲಿ ಮಾತು ಮರೆತಿದ್ದೆ, ಗೊತ್ತಾಯ್ತಾ?’ ಎಂದು ಕೇಳಿದರು. ಗೊತ್ತಾಗಿರಲಿಲ್ಲ.

ಕರಡನ್ನು ಮತ್ತೆ ಬರೆಯುತ್ತಿದ್ದೇನೆ. ನಲವತ್ತು ಪುಟ ದಾಟಿದೆ, 1980 ಇನ್ನೂ ಬಂದಿಲ್ಲ.