ಹುಣ್ಣಿಮೆ ಜನ, ಜಾತ್ರೆ ಬಸ್ಸು

ನಮ್ಮ ಕಡೆಯ ಬಸ್ಸಿನವರಿಗೆ ಕ್ಯಾಲೆಂಡರಿನ ಕೆಂಪಕ್ಷರಕ್ಕಿಂತ ಹುಣ್ಣಿಮೆಯ ದಿಗಿಲೇ ಹೆಚ್ಚು. ಬನದ ಹುಣ್ಣಿಮೆಗೆ ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾಮಠ, ಭಾರತ ಹುಣ್ಣಿಮೆಗೆ ಮಸ್ಕಿಯ ಮಲ್ಲಿಕಾರ್ಜುನ, ಅದು ಮುಗಿಯಿತೆನ್ನುವಾಗ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರ. ಇವೆಲ್ಲದರ ಜೊತೆಗೆ, ಯಾವ ಋತುವಿಗೂ ಕಟ್ಟುಬೀಳದೆ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುವ ಮುದಗಲ್ಲಿನ ಮೊಹರಂ. 1984ರಲ್ಲಿ ಕಂಡಕ್ಟರ್ ಆಗಿ ಸೇರಿ ಸಂಚಾರ ನಿಯಂತ್ರಕನಾಗಿ ನಿವೃತ್ತನಾದ ನಾನು ಈ ಜಾತ್ರೆಗಳಲ್ಲಿ ದೇವರನ್ನು ನೋಡಿದ್ದು ಕಡಿಮೆ, ದೇವರ ಕಡೆ ಬೆನ್ನು ಮಾಡಿ ಮನೆಗೆ ಹೊರಟವರನ್ನು ನೋಡಿದ್ದೇ ಹೆಚ್ಚು.

ಜಾತ್ರೆಗಳು ಹುಣ್ಣಿಮೆಗೇ ಯಾಕೆ ಎಂದು ನಮ್ಮಜ್ಜನನ್ನು ಕೇಳಿದರೆ ಪುರಾಣ ಹೇಳುತ್ತಿರಲಿಲ್ಲ. 'ಎತ್ತಿಗೆ ದಾರಿ ಕಾಣಬೇಕಲ್ಲೋ' ಎನ್ನುತ್ತಿದ್ದ. ಬಂಡಿ ರಾತ್ರಿಯೇ ಹೊರಡಬೇಕು, ಬಿಸಿಲೇರುವ ಮೊದಲೇ ಮುಟ್ಟಬೇಕು. ಮುಟ್ಟಿದ ಮೇಲೆ ಒಂದೊಂದು ಊರಿಗೆ ಒಂದೊಂದು ಜಾಗ. ಈ ಬೇವಿನ ಮರ ನಮ್ಮದು, ಆ ಬಾವಿಯ ಮಗ್ಗುಲು ನಿಮ್ಮದು. ಬರೆದಿಟ್ಟವರಿಲ್ಲ, ಆದರೆ ತಪ್ಪಿದವರೂ ಇಲ್ಲ. ಮಗು ಕಳೆದರೆ 'ಯಾವ ಊರಪ್ಪಾ' ಎಂದು ಕೇಳಿ ಆ ಊರಿನ ಮರದ ಕೆಳಗೆ ಬಿಟ್ಟು ಬಂದರೆ ಆಯಿತು. ತೇರಿನ ಕೆಲಸವೂ ಹೀಗೇ ಹಂಚಿಹೋಗಿರುತ್ತಿತ್ತು: ಕಳಸ ತರುವ ಊರು ಒಂದು, ಮಿಣಿ ತರುವ ಊರು ಇನ್ನೊಂದು, ಗಾಲಿಗೆ ಮರದ ತುಂಡು ಕೊಟ್ಟು ತೇರು ತಡೆಯುವ ಮನೆತನ ಮತ್ತೊಂದು. ಇದರಲ್ಲಿ ಜಾತಿಯ ಮೇಲುಕೀಳು ಧಾರಾಳವಾಗಿಯೇ ಇತ್ತು, ಹಳೆಯದೆಲ್ಲ ಚಿನ್ನ ಎನ್ನಲಾರೆ. ಆದರೂ ಗಾಲಿಯ ಹತ್ತಿರ ಯಾರಿರಬೇಕು, ಯಾರಿರಬಾರದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಬಸ್ಸು ಬಂದು ಈ ಲೆಕ್ಕ ಕೆಡಿಸಿತು. ನಾವಿದ್ದದ್ದು ನಿಜಾಮರ ರಾಜ್ಯದಲ್ಲಿ. ಅಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1932ರ ಜೂನಿನಲ್ಲಿ, 27 ಬಸ್ಸು ಮತ್ತು 166 ಜನ ನೌಕರರೊಂದಿಗೆ, ಅದೂ ರೈಲ್ವೆಯ ಒಂದು ಶಾಖೆಯಾಗಿ. ಮೈಸೂರಿನವರು ತಮ್ಮ ಸಾರಿಗೆ ಇಲಾಖೆ ತೆರೆದದ್ದು 1948ರ ಸೆಪ್ಟೆಂಬರಿನಲ್ಲಿ, 120 ಬಸ್ಸುಗಳಿಂದ. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯ ಸೇರಿದಾಗ ನಮ್ಮ ಬಸ್ಸುಗಳೂ ಆ ಕಡೆಯವಾದವು. 1961ರಲ್ಲಿ ನಿಗಮ, 2000ದಲ್ಲಿ ಕಲಬುರಗಿಯ ಈಶಾನ್ಯ ನಿಗಮ, ಈಗ ಕಲ್ಯಾಣ ಕರ್ನಾಟಕ ನಿಗಮ. ಬಸ್ಸಿನ ಮೈಮೇಲಿನ ಹೆಸರು ಇಷ್ಟು ಸಲ ಬದಲಾದರೂ ಬಾಗಿಲಿನ ಜಗಳ ಮಾತ್ರ ಅದೇ.

ಆ ಜಗಳಕ್ಕೆ ಕಾಲುವೆಯ ನೀರೂ ಸೇರಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಜೋಳದ ಸಿಂಧನೂರು ಭತ್ತದ ಸಿಂಧನೂರಾಯಿತು. ಕ್ಯಾಂಪುಗಳು ಎದ್ದವು, ಆಂಧ್ರದಿಂದ ರೈತರು ಬಂದರು, ಮುಂದೆ ಬಂಗಾಳಿ ನಿರಾಶ್ರಿತರೂ ಬಂದರು. ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು ಬಂತು. ಟ್ರೇಲರಿನಲ್ಲಿ ಜನ ತುಂಬಬಾರದೆಂದು ಕಾನೂನಿದೆ, ಆದರೆ ಅಂಬಾಮಠದ ರಸ್ತೆಯಲ್ಲಿ ಬನದ ಹುಣ್ಣಿಮೆಯ ದಿನ ಆ ಕಾನೂನನ್ನು ಹುಡುಕಬೇಕು. ಚಿದಾನಂದಾವಧೂತರ ದೇವಿ ಪುರಾಣವನ್ನು ನವರಾತ್ರಿಯಲ್ಲಿ ಕೇಳಿದ ಮನೆಗಳು ಉತ್ತರ ಕರ್ನಾಟಕದ ತುಂಬ ಇವೆ. ಅವರಿಗೆಲ್ಲ ಅಂಬಾಮಠವಿರುವ ಈ ಸಿದ್ಧಪರ್ವತ ಕಿವಿಗೆ ಮೊದಲೇ ಪರಿಚಯ, ಒಮ್ಮೆ ಕಣ್ಣಾರೆ ನೋಡುವುದಷ್ಟೇ ಬಾಕಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಜಾತ್ರೆ ಬಸ್ಸು ಹತ್ತುವ ಪದ್ಧತಿ ಇದು: ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಳಗೆ ಬೀಳುತ್ತಿತ್ತು. ಟವೆಲ್ ಬಿದ್ದರೆ ಸೀಟು ಅವನದು. ಟವೆಲ್ ಇಲ್ಲದವನು ಮಗನನ್ನೇ ಕಿಟಕಿಯಿಂದ ಇಳಿಬಿಡುತ್ತಿದ್ದ. ಬಾಗಿಲಿನಲ್ಲಿ ಕಟ್ಟುಮಸ್ತಾದ ಹುಡುಗರು, ಹಿಂದೆ ಕೂಸು ಎತ್ತಿಕೊಂಡ ಹೆಂಗಸರು, ಎಲ್ಲಕ್ಕಿಂತ ಹಿಂದೆ ಮುದುಕರು. ಒಳಗೆ ನಾನು ಟಿಕೆಟ್ ಹರಿಯಬೇಕೆಂದರೆ ಕೈ ಮೇಲೆತ್ತಲೂ ಜಾಗವಿಲ್ಲ.

ಒಂದು ಜಾತ್ರೆ, ಊರಿನ ಹೆಸರು ಬೇಡ. ತೇರೆಳೆದಾಗಿದೆ, ಉತ್ತತ್ತಿ ಎಸೆದಾಗಿದೆ, ಜನ ರಸ್ತೆಗೆ ಇಳಿದಿದ್ದಾರೆ. ಖಾಸಗಿ ಜೀಪಿನವನೊಬ್ಬ ತನ್ನ ಗಾಡಿ ತುಂಬಿಸಿಕೊಳ್ಳಲು 'ಬಸ್ ಮುಗದ್ವು, ಇದ ಕಡೀದು' ಎಂದು ಕೂಗಿದ. ಅಷ್ಟೇ. ನಿಂತಿದ್ದ ಒಂದೇ ಬಸ್ಸಿಗೆ ಬಯಲಿನ ಜನವೆಲ್ಲ ಬಂದು ಅಪ್ಪಳಿಸಿತು. ಒಬ್ಬ ಅಜ್ಜಿಯ ಕೈ ಮುರಿಯಿತು. ಆ ಹೊತ್ತಿಗೆ ಮರಗಳಾಚೆ ಖಾಲಿ ಬಸ್ಸುಗಳು ಸಾಲಾಗಿ ನಿಂತಿದ್ದವು, ಡ್ರೈವರುಗಳು ಊಟಕ್ಕೆ ಕೂತಿದ್ದರು. ಆಮೇಲೆ ಅವನ್ನು ಒಂದೊಂದಾಗಿ ತಂದು ದೀಪ ಹಾಕಿ ಎದುರಿಗೇ ನಿಲ್ಲಿಸಿದೆವು. ಲಾಠಿಗೆ ಬಗ್ಗದ ಜನ ಆ ದೀಪಗಳನ್ನು ನೋಡಿ ನೆಲದ ಮೇಲೆ ಕೂತು ಬುತ್ತಿ ಬಿಚ್ಚಿದರು.

ಅಂದಿನಿಂದ ನನ್ನದೊಂದೇ ಹಟ. ಜನ ನುಗ್ಗುವುದು ಇನ್ನೊಂದು ಬಸ್ಸು ಬರುತ್ತದೆಂಬ ನಂಬಿಕೆ ಹೋದಾಗ. ಆದ್ದರಿಂದ ಖಾಲಿ ಬಸ್ಸು ಕಣ್ಣಿಗೆ ಬೀಳುವಂತೆ ನಿಲ್ಲಬೇಕು. ಟಿಕೆಟ್ ಕೆಳಗೇ ಹರಿಯಬೇಕು. ಕೈಯಲ್ಲಿ ಟಿಕೆಟ್ ಇದ್ದವನಿಗೆ ಅರ್ಧ ಅವಸರ ಅಲ್ಲೇ ಇಳಿಯುತ್ತದೆ. (ಟಿಕೆಟ್ ಮೊದಲು, ಹತ್ತುವುದು ಆಮೇಲೆ ಎಂಬುದು ರೈಲಿನ ನಿಯಮ. ರೈಲ್ವೆಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮ ಬಸ್ಸು ಅದನ್ನು ನಡುವೆ ಎಲ್ಲೋ ಮರೆತಿತ್ತು.) ಮಾನ್ವಿಯವರಿಗೆ ಒಂದು ಬಿದಿರಿನ ಸಾಲು, ಗಂಗಾವತಿಗೆ ಒಂದು, ಲಿಂಗಸುಗೂರಿಗೆ ಒಂದು. ನಡುವಿನ ಸಣ್ಣ ಹಳ್ಳಿಯವರನ್ನು 'ದೂರದವರು ಮೊದಲು' ಎಂದು ತಳ್ಳದೆ ಅವರಿಗೇ ಒಂದು ಟ್ರಿಪ್ಪು. ಇದು ಅಜ್ಜನ ಬೇವಿನ ಮರದ ಲೆಕ್ಕವೇ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ನ್ಯಾಯದ ಮಾತು ಬಂದಾಗ ಮಸ್ಕಿಯನ್ನು ಬಿಟ್ಟು ಮುಂದೆ ಹೋಗಲಾಗದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಕಂಡ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದೇ ಶಾಸನ ಇನ್ನೊಂದನ್ನೂ ಹೇಳುತ್ತದೆ: ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಸಣ್ಣವರಿಗೂ ಸಿಗುತ್ತದೆ, ಇಬ್ಬರಿಗೂ ಇದನ್ನು ತಿಳಿಸಬೇಕು ಎಂದು. ಜಾತ್ರೆಗಳಲ್ಲಿ ಗಣ್ಯರ ಕಾರಿಗಾಗಿ ಜನರ ಸಾಲನ್ನು ನಡುವೆ ಕತ್ತರಿಸಿದಾಗಲೆಲ್ಲ ನನಗೆ ಆ ಬಂಡೆ ನೆನಪಾಗುತ್ತಿತ್ತು. ಸಾಲು ಕತ್ತರಿಸಿದ ಜಾಗದಲ್ಲೇ ನೂಕಾಟ ಶುರುವಾಗುವುದು, ಇದು ಅನುಭವದ ಮಾತು.

2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಶೂನ್ಯವಾಯಿತು. ಶಕ್ತಿ ಯೋಜನೆ ಬಂದು ಜಾತ್ರೆ ಬಸ್ಸು ಹೆಂಗಸರದಾಯಿತು ಎಂದು ಗೊಣಗುವವರನ್ನು ಕಟ್ಟೆಯ ಮೇಲೆ ದಿನಾ ಕೇಳುತ್ತೇನೆ. ಟವೆಲಿನ ಕಾಲದಲ್ಲಿ ಅವರು ಎಲ್ಲಿ ನಿಂತಿದ್ದರೆಂದು ಕಂಡವನು ನಾನು, ನನಗೆ ಆ ಗೊಣಗಾಟದಲ್ಲಿ ಪಾಲಿಲ್ಲ.

ಈಗ ರಜೆಯ ಜನ ಜಾತ್ರೆಗಷ್ಟೇ ಹೋಗುವುದಿಲ್ಲ. ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳ ಮಕ್ಕಳು ಗೋಕರ್ಣ, ಮುರುಡೇಶ್ವರ ಎಂದು ಹೊರಡುತ್ತಾರೆ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕು ತೀರಿಕೊಂಡರು. ಆಮೇಲೆ ಕೆಲವು ದಿನ ತೀರ ಮುಚ್ಚಿ, ಈಜುವ ಜಾಗಕ್ಕೆ ಗಡಿ ಹಾಕಿ ತೆರೆದರು. ಕಾಲುವೆಯಲ್ಲಿ ಈಜು ಕಲಿತ ನಮ್ಮ ಹುಡುಗರು ನೀರೆಲ್ಲ ಒಂದೇ ಎಂದುಕೊಂಡಿರುತ್ತಾರೆ. ಕಾಲುವೆ ಒಂದೇ ದಿಕ್ಕಿಗೆ ಎಳೆಯುತ್ತದೆ. ಸಮುದ್ರ ದಡಕ್ಕೆ ತಂದು ಹಾಕಿದಂತೆ ಮಾಡಿ ಒಳಕ್ಕೆ ಎಳೆಯುತ್ತದೆ. ಇದನ್ನು ತೀರದಲ್ಲಿ ಇಳಿದ ಮೇಲೆ ಹೇಳಿದರೆ ಯಾವ ಮಗುವಿಗೂ ಕೇಳಿಸದು, ಬಸ್ಸಿನಲ್ಲಿ ಕೂತಾಗಲೇ ಹೇಳಬೇಕು.

ಜಾತ್ರೆಯ ಮಾತಿಗೆ ಮರಳಿದರೆ, ಎಲ್ಲಕ್ಕಿಂತ ಕಷ್ಟದ್ದು ಮುದಗಲ್ಲು. ಬೇರೆ ಜಾತ್ರೆಗಳ ಜನ ದಿನವಿಡೀ ಬಂದು ಹೋಗುತ್ತದೆ. ಇಲ್ಲಿ ಮಾತ್ರ ಮೊಹರಂ ಹತ್ತನೆಯ ದಿನ ಹುಸೇನಿ ಆಲಂ ಮತ್ತು ಉಳಿದ ಆಲಂಗಳ (ಮೊಹರಂ ದೇವರುಗಳ) ಭೇಟಿ ನೋಡಲು ಮೂರು ರಾಜ್ಯದ ಹಿಂದೂಗಳೂ ಮುಸ್ಲಿಮರೂ ಒಂದೇ ಗಳಿಗೆಗೆ ಒಂದೇ ಜಾಗದಲ್ಲಿ ಸೇರುತ್ತಾರೆ, ಒಟ್ಟಿಗೇ ಮರಳುತ್ತಾರೆ. ಆ ಜಾಗವೋ, ಹೊರಗಿನವರು ಸಲೀಸಾಗಿ ಒಳಗೆ ಬರಬಾರದೆಂದೇ ಕಟ್ಟಿದ ಕೋಟೆ. 2025ರಲ್ಲಿ ಜುಲೈ ಮೊದಲ ವಾರಕ್ಕೆ ಬಂದ ಮೊಹರಂ 2030ರ ಹೊತ್ತಿಗೆ ಮೇ ತಿಂಗಳ ಬಿಸಿಲಿಗೆ ಬೀಳುತ್ತದೆ. ಬಿತ್ತನೆಯ ಕೆಲಸವಿಲ್ಲ, ಶಾಲೆಗೆ ರಜೆ, ಜನ ಇನ್ನೂ ಹೆಚ್ಚು. ನಿಯಂತ್ರಕರ ಕೋಣೆಯಲ್ಲಿ ಈಗ ಕೂತಿರುವ ಹುಡುಗರಿಗೆ ಹೇಳಿ ಬಂದಿದ್ದೇನೆ: ಆ ವರ್ಷ ಬಸ್ಸಿನ ಲೆಕ್ಕ ಹಾಕುವ ಮೊದಲು ನೆರಳಿನ ಲೆಕ್ಕ ಹಾಕಿರಿ, ಕುಡಿಯುವ ನೀರನ್ನು ಕೋಟೆ ಬಾಗಿಲಿನಿಂದ ದೂರ ಇಡಿರಿ, ಇಲ್ಲದಿದ್ದರೆ ಕೊಡ ಇಟ್ಟ ಕಡೆಯೇ ಜನ ಗಟ್ಟಿಯಾಗುತ್ತದೆ.