ಹೋಗಿ, ಕಲಿತು, ಮರಳಿ ಬಂದ ಇಮಾಮರು

ವಿದ್ಯೆಗಾಗಿ ಊರು ಬಿಡುವುದು ಮುಸ್ಲಿಮರಿಗೆ ಹೊಸ ವಿಷಯವೇನಲ್ಲ. ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾ(ರ) ಅವರು ಪ್ರವಾದಿವರ್ಯ(ಸ)ರ ಒಂದೇ ಒಂದು ಹದೀಸನ್ನು, ಅದನ್ನು ನೇರವಾಗಿ ಕೇಳಿದವರ ಬಾಯಿಂದಲೇ ತಿಳಿಯಬೇಕೆಂದು ಒಂಟೆ ಖರೀದಿಸಿ, ಒಂದು ತಿಂಗಳು ಪ್ರಯಾಣ ಮಾಡಿ, ಶಾಮ್‌ನಲ್ಲಿದ್ದ ಅಬ್ದುಲ್ಲಾ ಬಿನ್ ಉನೈಸ್(ರ) ಅವರ ಮನೆ ಬಾಗಿಲಿಗೆ ಹೋದರು. ಮುಂದೆ ಇಂತಹ ಪ್ರಯಾಣಕ್ಕೆ ‘ರಿಹ್ಲಾ’ ಎಂಬ ಹೆಸರೇ ಬಂತು. ಕೈರೋದ ಅಲ್ ಅಝ್‌ಹರ್‌ನಲ್ಲಿ ಮಗ್ರಿಬ್, ಶಾಮ್, ತುರ್ಕಿ, ಜಾವಾ ಮುಂತಾದ ಕಡೆಗಳಿಂದ ಬಂದ ವಿದ್ಯಾರ್ಥಿಗಳಿಗೆ ‘ರಿವಾಕ್’ ಎಂಬ ಪ್ರತ್ಯೇಕ ವಸತಿಗಳಿದ್ದವು.

ಪವಿತ್ರ ಕುರ್‌ಆನ್‌ನ ಸೂರಃ ಅತ್ತೌಬದ 122ನೇ ಸೂಕ್ತದಲ್ಲಿ ಇದರ ಕ್ರಮವಿದೆ. ಎಲ್ಲರೂ ಒಟ್ಟಿಗೆ ಹೊರಡಬೇಕಾಗಿಲ್ಲ. ಪ್ರತಿಯೊಂದು ಸಮೂಹದಿಂದ ಕೆಲವರು ಧರ್ಮದ ತಿಳುವಳಿಕೆ ಗಳಿಸಬೇಕು, ಮರಳಿದ ಬಳಿಕ ತಮ್ಮ ಜನರನ್ನು ಎಚ್ಚರಿಸಬೇಕು ಎಂಬುದು ಅದರ ಆಶಯ. ಕಲಿಯುವುದರ ಜೊತೆಗೆ ಮರಳುವುದೂ ಇಲ್ಲಿದೆ. ಧಾರ್ಮಿಕ ಜ್ಞಾನಕ್ಕೆ ಹೇಳಿದ ಈ ಕ್ರಮ ಇತರ ಪ್ರಯೋಜನಕಾರಿ ವಿದ್ಯೆಗೂ ಮಾದರಿಯಾಗಬಲ್ಲದು. ಅದಕ್ಕೆ ಇತಿಹಾಸದಲ್ಲಿ ಒಂದು ಸ್ಪಷ್ಟ ಉದಾಹರಣೆಯಿದೆ.

1826ರಲ್ಲಿ ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ ಪಾಷಾ 40ಕ್ಕೂ ಹೆಚ್ಚು ಯುವಕರನ್ನು ಕಲಿಯಲು ಪ್ಯಾರಿಸ್‌ಗೆ ಕಳುಹಿಸಿದರು. ಅವರಿಗೆ ನಮಾಝಿನ ನೇತೃತ್ವ ವಹಿಸಲು ಒಬ್ಬ ಇಮಾಮ್ ಬೇಕಿತ್ತು. ಅಲ್ ಅಝ್‌ಹರ್‌ನ ವಿದ್ವಾಂಸ ಹಸನ್ ಅಲ್ ಅತ್ತಾರ್ ತಮ್ಮ ಶಿಷ್ಯ ರಿಫಾಅ ಅತ್ತಹ್ತಾವಿಯವರ ಹೆಸರು ಸೂಚಿಸಿದರು. ಕಂಡದ್ದನ್ನೆಲ್ಲ ಬರೆದಿಡು ಎಂದೂ ಶಿಷ್ಯನಿಗೆ ಹೇಳಿದರು.

ಮೇಲಿನ ಈಜಿಪ್ಟಿನ ತಹ್ತಾ ಎಂಬ ಊರಿನ ಈ ಯುವಕನಿಗೆ ಆಗ 25ರ ಆಸುಪಾಸು. ಇಮಾಮತ್ ಮಾಡಿಕೊಂಡು ಸುಮ್ಮನಿರಬಹುದಿತ್ತು. ಆದರೆ ಮಾರ್ಸೆಲ್ಸ್ ಬಂದರಿನಲ್ಲಿ ಸಾಂಕ್ರಾಮಿಕ ರೋಗದ ಭಯದಿಂದ ಪ್ರಯಾಣಿಕರನ್ನು ಪ್ರತ್ಯೇಕ ಇರಿಸಿದ್ದಾಗಲೇ ಅವರು ಫ್ರೆಂಚ್ ಅಕ್ಷರ ಕಲಿಯತೊಡಗಿದರು. ಪ್ಯಾರಿಸ್‌ನಲ್ಲಿ ತಮ್ಮ ಸ್ವಂತ ಹಣದಿಂದ ಒಬ್ಬ ಶಿಕ್ಷಕನನ್ನು ನೇಮಿಸಿಕೊಂಡರು. ಓದಿ ಓದಿ ಎಡಗಣ್ಣು ಮಂದವಾಯಿತು. ರಾತ್ರಿ ಓದಬೇಡ ಎಂದು ವೈದ್ಯರು ಎಚ್ಚರಿಸಿದರೂ ಓದು ಬಿಡಲಿಲ್ಲ. ಭೂಗೋಳ, ಇತಿಹಾಸ, ಗಣಿತ, ಕಾನೂನು ಎಲ್ಲವನ್ನೂ ಓದಿದರು.

1831ರಲ್ಲಿ ಅವರು ಮರಳಿದಾಗ ಈಮಾನ್ ಕಳೆದುಕೊಂಡು ಬರಲಿಲ್ಲ; ಕಣ್ಣು ಮುಚ್ಚಿಕೊಂಡೂ ಬರಲಿಲ್ಲ. 1834ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಗ್ರಂಥದಲ್ಲಿ ಫ್ರೆಂಚರ ಶುಚಿತ್ವ, ಶ್ರಮ, ಕಲಿಕೆಯ ಹಂಬಲವನ್ನು ಹೊಗಳಿದರು. ಧರ್ಮದ ವಿಷಯದಲ್ಲಿ ಅವರ ಅಸಡ್ಡೆಯನ್ನು ಖಂಡಿಸಿದರು. ಒಳ್ಳೆಯದನ್ನು ಸ್ವೀಕರಿಸಿ ಕೆಟ್ಟದ್ದನ್ನು ಬಿಡಲು ತನ್ನ ಬೇರು ಗಟ್ಟಿಯಿರಬೇಕು. ಅಲ್ ಅಝ್‌ಹರ್‌ನ ವರ್ಷಗಳು ಅವರಿಗೆ ಆ ಬೇರನ್ನು ಕೊಟ್ಟಿದ್ದವು.

1835ರಲ್ಲಿ ಕೈರೋದಲ್ಲಿ ಭಾಷಾ ಶಾಲೆ ಆರಂಭವಾಗಿ, ಅದರ ಹೊಣೆ ಅವರಿಗೆ ಬಂತು. ಅವರೂ ಅವರ ಶಿಷ್ಯರೂ ನೂರಾರು ಗ್ರಂಥಗಳನ್ನು ಅರಬಿಗೆ ತಂದರು. ಪ್ಯಾರಿಸ್‌ಗೆ ಹೋಗಲಾಗದ ಸಾವಿರಾರು ಮಂದಿಗೆ ಆ ವಿದ್ಯೆ ಮನೆಬಾಗಿಲಿಗೇ ಬಂತು. ಅಬ್ಬಾಸ್ ಪಾಷಾರ ಕಾಲದಲ್ಲಿ ಶಾಲೆ ಮುಚ್ಚಿತು. 1850ರಲ್ಲಿ ಅವರನ್ನು ದೂರದ ಖಾರ್ತೂಮ್‌ಗೆ ಕಳುಹಿಸಲಾಯಿತು. ಅಲ್ಲಿಯೂ ಅನುವಾದ ನಿಲ್ಲಿಸಲಿಲ್ಲ. 1854ರಲ್ಲಿ ಕೈರೋಗೆ ಮರಳಿ, ಮತ್ತೆ ಶಿಕ್ಷಣದ ಕೆಲಸಕ್ಕೇ ಇಳಿದರು. ಹುಡುಗಿಯರಿಗೂ ಹುಡುಗರಂತೆಯೇ ವಿದ್ಯೆ ಕೊಡಬೇಕೆಂದು ಪುಸ್ತಕ ಬರೆದು ವಾದಿಸಿ, 1873ರಲ್ಲಿ ನಿಧನರಾದರು.

ಇಂದು ಅಂತಹ ಪ್ರಯಾಣಕ್ಕೆ ಪಾಷಾನ ಆಜ್ಞೆ ಬೇಕಿಲ್ಲ. ಅನೇಕ ವಿಶ್ವವಿದ್ಯಾನಿಲಯಗಳು ಪರಸ್ಪರ ಒಪ್ಪಂದ ಮಾಡಿಕೊಂಡು ವಿದ್ಯಾರ್ಥಿ ವಿನಿಮಯ ನಡೆಸುತ್ತವೆ. ಯುರೋಪಿನಲ್ಲಿ 1987ರಲ್ಲಿ ಆರಂಭವಾದ ‘ಎರಾಸ್ಮಸ್’ ಇವುಗಳಲ್ಲಿ ಪ್ರಸಿದ್ಧ. ಅದರ ಕೆಲವು ಸ್ನಾತಕೋತ್ತರ ವಿದ್ಯಾರ್ಥಿವೇತನಗಳಿಗೆ ಭಾರತೀಯರೂ ಅರ್ಜಿ ಹಾಕಬಹುದು. ವಿನಿಮಯದಲ್ಲಿ ವಿದ್ಯಾರ್ಥಿ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಹೊರಗೆ ಓದುತ್ತಾನೆ. ಅಲ್ಲಿನ ಅಂಕಗಳನ್ನು ಇಲ್ಲಿನ ಪದವಿಗೆ ಸೇರಿಸಿಕೊಳ್ಳಲಾಗುತ್ತದೆ. ಇಲ್ಲಿನ ಸೀಟು ಇಲ್ಲೇ ಇರುತ್ತದೆ. ಅಂದರೆ ಮರಳುವುದು ಆ ವ್ಯವಸ್ಥೆಯಲ್ಲೇ ಸೇರಿದೆ. ಮಗ, ಮಗಳು ದೂರವಾದಾರು ಎಂದು ಹಿಂಜರಿಯುವ ತಂದೆ ತಾಯಂದಿರು ಇದನ್ನು ಗಮನಿಸಬೇಕು.

ಸಹೋದರ ಸಹೋದರಿಯರೇ, ಮಕ್ಕಳ ದೀನ್ ಬಗ್ಗೆ ನಮಗಿರುವ ಆತಂಕ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಬಾಗಿಲು ಹಾಕುವುದಲ್ಲ. ನಮಾಝಿನ ರೂಢಿ, ಹಲಾಲ್ ಹರಾಮ್‌ನ ಅರಿವು, ಪ್ರಶ್ನೆ ಕೇಳಿದವರಿಗೆ ಸಮಾಧಾನದಿಂದ ಉತ್ತರಿಸುವ ತಿಳುವಳಿಕೆ, ಇವನ್ನು ಮನೆಯಲ್ಲೇ ಕಲಿಸಿ ಕಳುಹಿಸೋಣ. ಕಾಲೇಜಿಗೆ ಸೇರಿದ ಮೊದಲ ವರ್ಷದಲ್ಲೇ ವಿನಿಮಯದ ಅವಕಾಶ ಇದೆಯೇ, ವೆಚ್ಚ ಯಾರದು, ಅಂಕಗಳಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸೋಣ. ಹೊರಡುವಾಗ ಮಕ್ಕಳಿಗೆ ಒಂದು ಮಾತು ಹೇಳೋಣ: ಅಲ್ಲಿ ಕಲಿತದ್ದರಲ್ಲಿ ಇಲ್ಲಿ ಉಳಿದವರಿಗೂ ಒಂದು ಪಾಲಿದೆ.

ನಮ್ಮ ಮಕ್ಕಳಿಗೆ ಅಲ್ಲಾಹನು ಪ್ರಯೋಜನಕಾರಿ ಜ್ಞಾನವನ್ನೂ, ಅದನ್ನು ಹಂಚುವ ಮನಸ್ಸನ್ನೂ ಕರುಣಿಸಲಿ. ಆಮೀನ್.