ಮಹಮೂದ ಗವಾನನ ಪತ್ರಗಳೂ ಬೀದರಿನ ಪುಸ್ತಕಭಂಡಾರವೂ

ಬೀದರಿನ ಮದರಸೆಯ ವಿಚಾರವನ್ನು ಬರೆದವರೆಲ್ಲರೂ ಅದರ ಪುಸ್ತಕಭಂಡಾರದಲ್ಲಿ 3,000 ಗ್ರಂಥಗಳಿದ್ದುವೆಂದು ತಪ್ಪದೆ ಹೇಳುವರು. ಈ ಸಂಖ್ಯೆಯು ಫಿರಿಷ್ತನ ಚರಿತ್ರೆಯಿಂದ ಬಂದುದು. ಮಂತ್ರಿಯ ವಧೆಯಾದ ಬಳಿಕ ಸುಲ್ತಾನನು ಅವನ ಆಸ್ತಿಯನ್ನು ವಿಚಾರಿಸಲು, ಪುಸ್ತಕಗಳು 3,000 ಇರುವುವೆಂದೂ, ಅವು ಮಂತ್ರಿಯವಲ್ಲ, ವಿದ್ಯಾರ್ಥಿಗಳವೆಂದೂ ಕೋಶಾಧಿಕಾರಿಯು ಉತ್ತರವಿತ್ತನಂತೆ. ಉತ್ತರವು ಮನೋಹರವಾದುದೇ ಸರಿ. ಆದರೆ ಸಂಖ್ಯೆಯೊಂದರಿಂದಲೇ ಪುಸ್ತಕಶಾಲೆಯ ಅಂತರಂಗವು ತಿಳಿಯದು. ಇಂಥ ಗ್ರಂಥವು ಓದತಕ್ಕದ್ದೆಂದು ಯಾರು ಯಾರಿಗೆ ಸೂಚಿಸಿದರು, ಯಾವ ದಾರಿಯಿಂದ ಅದು ಊರಿಗೆ ಬಂದಿತು ಎಂಬುದನ್ನು ತಿಳಿಯಬೇಕಾದರೆ ಗವಾನನ ಪತ್ರಗಳ ಕಡೆಗೆ ತಿರುಗಬೇಕಾಗುವುದು.

ಗಿಲಾನದಲ್ಲಿ ಹುಟ್ಟಿದ ಈತನು 1453ರಲ್ಲಿ ವರ್ತಕನಾಗಿ ದಾಭೋಳದ ಬಂದರಿನಲ್ಲಿ ಇಳಿದು ಬೀದರಿಗೆ ಬಂದನು. ಮಂತ್ರಿಪದವಿಗೆ ಏರಿದ ಮೇಲೂ ಅವನು ವ್ಯಾಪಾರವನ್ನು ಬಿಡಲಿಲ್ಲ. ಅವನ ಗುಮಾಸ್ತರು ತುರುಕಿಯ ಬುರ್ಸಾ ನಗರದವರೆಗೂ ಸರಕನ್ನು ಸಾಗಿಸುತ್ತಿದ್ದರು. ಸರಕು ಹೋಗುವ ದಾರಿಯಲ್ಲಿಯೇ ಪತ್ರವೂ ಪುಸ್ತಕವೂ ಸಂಚರಿಸುವುವೆಂಬುದನ್ನು ವಾಚಕರು ಮರೆಯಲಾಗದು. ನೂರಕ್ಕೂ ಮೇಲ್ಪಟ್ಟ ಅವನ ಪತ್ರಗಳು ‘ರಿಯಾಜುಲ್ ಇನ್ಷಾ’ ಎಂಬ ಸಂಗ್ರಹದಲ್ಲಿ ಉಳಿದು, 1948ರಲ್ಲಿ ಹೈದರಾಬಾದಿನಲ್ಲಿ ಅಚ್ಚಾದುವು. ಪತ್ರಲೇಖನದ ಶಾಸ್ತ್ರವನ್ನು ಕುರಿತು ‘ಮನಾಜಿರುಲ್ ಇನ್ಷಾ’ ಎಂಬ ಬೇರೊಂದು ಗ್ರಂಥವನ್ನೂ ಅವನು ರಚಿಸಿರುವನು. ಇಂಥವನನ್ನು 1481ರಲ್ಲಿ ಅವನದೇ ಮುದ್ರೆಯಿದ್ದ ಕೃತಕ ಪತ್ರವೊಂದನ್ನು ತೋರಿಸಿ ಕೊಲ್ಲಿಸಿದುದು ವಿಧಿವಿಲಾಸವೇ ಸರಿ.

ಈ ಪತ್ರಗಳಲ್ಲಿ ರಾಜಕಾರ್ಯದವು ಹಲವಿದ್ದರೂ ವಿದ್ವಾಂಸರಿಗೆ ಬರೆದವು ನಮಗೆ ಹೆಚ್ಚು ಪ್ರಯೋಜನಕರವಾಗಿವೆ. ಹಿರಾತಿನ ಕವಿ ಜಾಮಿಯನ್ನು ಗವಾನನು ಬೀದರಿಗೆ ಬರಬೇಕೆಂದು ಆಹ್ವಾನಿಸಿದನು. ಜಾಮಿಯು ಬರಲಿಲ್ಲ, ಬದಲು ಪತ್ರಗಳನ್ನೂ ಗವಾನನ ಸ್ತುತಿಪದ್ಯವನ್ನೂ ಕಳುಹಿದನು. ಕವಿಯು ಬಾರದಿದ್ದರೂ ಕವಿಯ ಮಾತು ಬರುವಂತೆ ಮಾಡಿದುದೇ ಪತ್ರವ್ಯವಹಾರದ ಫಲ. ಶಿರಾಜಿನ ಕಡೆಯ ತತ್ತ್ವಜ್ಞನಾದ ಜಲಾಲುದ್ದೀನ ದವಾನಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1468ರಲ್ಲಿ ತಾನು ಮುಗಿಸಿದ ‘ಶವಾಕಿಲುಲ್ ಹೂರ್’ ಎಂಬ ವ್ಯಾಖ್ಯಾನವನ್ನು ಈ ಮಂತ್ರಿಗೆ ಅಂಕಿತ ಮಾಡಿದನು. ಮದರಸೆಯ ಕಟ್ಟಡವು ಮುಗಿದುದು 1472ರಲ್ಲಿ. ಎಂದರೆ, ಗೋಡೆಗಳು ಪೂರ್ಣವಾಗುವ ಮೊದಲೇ ಅಲ್ಲಿ ಓದತಕ್ಕ ವಿಷಯಗಳ ಮಾತುಕತೆಯು ಸಮುದ್ರದಾಚೆಗೆ ನಡೆದಿತ್ತು.

(ರಾಜರು ತಮ್ಮ ಮೆಚ್ಚಿಕೆಯನ್ನು ನೆರೆಯವರಿಗೆ ತಿಳಿಸುವ ಮತ್ತೊಂದು ಬಗೆಯೂ ಇದ್ದಿತು. ಕಲಬುರಗಿಯಲ್ಲಿ ಮೊದಲನೆಯ ಮಹಮ್ಮದ ಶಹನು ಗಾಯಕರ ಹಾಡಿಗೆ ಒಲಿದು, ಮುನ್ನೂರು ಮಂದಿ ಗಾಯಕರ ಸಂಭಾವನೆಯನ್ನು ವಿಜಯನಗರದ ರಾಯನ ಬೊಕ್ಕಸದಿಂದ ಕೊಡತಕ್ಕದ್ದೆಂದು ಹುಂಡಿ ಬರೆದನೆಂದೂ, 1366ರ ಯುದ್ಧಕ್ಕೆ ಅದೇ ಕಾರಣವೆಂದೂ ಫಿರಿಷ್ತನು ಹೇಳುತ್ತಾನೆ. ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು.)

ದವಾನಿಯು ವ್ಯಾಖ್ಯಾನಿಸಿದ ಮೂಲವು ಸುಹ್ರವರ್ದಿಯ ‘ಹಯಾಕಿಲುನ್ನೂರ್’. ‘ಹೈಕಲ್’ ಎಂಬ ಶಬ್ದಕ್ಕೆ ದೇವಾಲಯವೆಂದೂ ಆಕಾರ, ಶರೀರ ಎಂದೂ ಅರ್ಥವುಂಟು. ಆದುದರಿಂದ ಹೆಸರನ್ನು ‘ಬೆಳಕಿನ ಗುಡಿಗಳು’ ಎಂದು ಕನ್ನಡಿಸಬಹುದು. ಗ್ರಂಥದ ಏಳು ಭಾಗಗಳಿಗೂ ಇದೇ ಹೆಸರು. ಸುಹ್ರವರ್ದಿಯು ಅಲೆಪ್ಪೊ ನಗರದಲ್ಲಿ 1191ರಲ್ಲಿ ಮರಣದಂಡನೆಗೆ ಗುರಿಯಾದನು. ಅದೇ ಶತಮಾನದಲ್ಲಿ, ಬೀದರಿನಿಂದ ಎರಡು ಮೂರು ದಿನದ ನಡಿಗೆಯಷ್ಟು ದೂರದ ಕಲ್ಯಾಣದಲ್ಲಿ, ಶರೀರವನ್ನೇ ಗುಡಿಯೆಂದು ಬಗೆದ ಶರಣರು ವಚನಗಳನ್ನು ನುಡಿದರು. ಒಂದರಿಂದ ಮತ್ತೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸಾಹಸವಾದೀತು. ಆದರೆ ಬೆಳಕಿನ ಗುಡಿಗಳ ವ್ಯಾಖ್ಯಾನವೊಂದು ಬೀದರಿನ ಮಂತ್ರಿಯ ಅಂಕಿತವನ್ನು ಹೊತ್ತ ಕಾಲದಲ್ಲಿ, ನೆರೆಯಲ್ಲಿಯೇ ಹುಟ್ಟಿದ ಆ ವಚನಗಳ ಓದು ಬೇರೆ ಬಳಗದಲ್ಲಿ ನಡೆಯುತ್ತಿತ್ತೆಂಬುದನ್ನು ಚರಿತ್ರಕಾರನು ಗಮನಿಸದೆ ಇರಲಾರನು.

ಆ ಬಳಗವಾದರೂ ಸಾಮಾನ್ಯವಾದುದಲ್ಲ. ಗವಾನನು ದಕ್ಷಿಣಕ್ಕೆ ಬರುವುದಕ್ಕೆ ಕೆಲವೇ ವರ್ಷ ಹಿಂದೆ, ವಿಜಯನಗರದ ಇಮ್ಮಡಿ ದೇವರಾಯನ ಮಂತ್ರಿಯಾದ ಜಕ್ಕಣಾರ್ಯನು ವಚನಗಳನ್ನು ಆಯ್ದು, ‘ಏಕೋತ್ತರ ಶತಸ್ಥಲ’ದಲ್ಲಿ 101 ಸ್ಥಲಗಳಾಗಿ ಅಳವಡಿಸಿದನು, ಲಕ್ಕಣ್ಣ ದಂಡೇಶನು ‘ಶಿವತತ್ತ್ವ ಚಿಂತಾಮಣಿ’ಯನ್ನು ರಚಿಸಿದನು. ಸಂಕಲನವೆಂಬುದೂ ಒಂದು ಸೂಚನೆಯೇ: ಸಾವಿರಾರು ಮಾತುಗಳಲ್ಲಿ ಇದನ್ನು ಮೊದಲು ಓದು, ಇದನ್ನು ಆಮೇಲೆ ಓದು ಎಂದು ಹಿರಿಯನು ಕಿರಿಯನಿಗೆ ಹೇಳುವ ಕ್ರಮ. ಅಲ್ಲಿಯೂ ಮಂತ್ರಿ, ಇಲ್ಲಿಯೂ ಮಂತ್ರಿ. ಅಲ್ಲಿ ತಾಳೆಯೋಲೆ, ಇಲ್ಲಿ ಕಾಗದ. ಎರಡು ರಾಜ್ಯಗಳ ನಡುವೆ ದಂಡು ಹಾದುಹೋದಷ್ಟು ಸುಲಭವಾಗಿ ಓದಿನ ಸೂಚನೆಗಳು ಹಾದುಹೋದಂತೆ ಕಾಣುವುದಿಲ್ಲ. ಮತಭೇದಕ್ಕಿಂತ ಲಿಪಿಭೇದವೇ ಇದಕ್ಕೆ ಹೆಚ್ಚಿನ ಕಾರಣವೆಂದು ನನ್ನ ಅಭಿಪ್ರಾಯ. ಪಾರಸಿಯು ಹಿರಾತಿನಿಂದ ಬೀದರಿನವರೆಗೆ ಒಂದೇ ಆಗಿದ್ದಿತು. ಕಲ್ಯಾಣದ ಮಾತಿಗೆ ಆ ಸೌಕರ್ಯವಿರಲಿಲ್ಲ.

1696ರಲ್ಲಿ ಸಿಡಿಮದ್ದಿನ ಸ್ಫೋಟದಿಂದ ಮದರಸೆಯ ಒಂದು ಪಾರ್ಶ್ವವು ನಾಶವಾಯಿತು. ಇಂದು ಒಂದು ಮಿನಾರು ಮಾತ್ರ ನಿಂತಿದೆ.

ಬಹುಕಾಲದ ಮೇಲೆ, ನಿಜಾಮರ ಆಳಿಕೆಯಲ್ಲಿ, ಇದೇ ಸೀಮೆಯಲ್ಲಿ ಎರಡು ಲಿಪಿಗಳು ಒಂದೇ ಮನೆಯಲ್ಲಿ ವಿಚಿತ್ರವಾಗಿ ಕೂಡಿದುವು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿಸಿ ಒಳಗೆ ಕನ್ನಡವನ್ನು ಕಲಿಸಿದುದು ಆ ಕಡೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಫಲಕವನ್ನು ಓದಿದವನಿಗೆ ಒಳಗಿನ ಪಾಠ ತಿಳಿಯದು, ಪಾಠ ಕೇಳಿದ ಹುಡುಗನಾದರೋ ಎರಡನ್ನೂ ಓದಬಲ್ಲವನಾಗುತ್ತಿದ್ದನು. ‘ರಿಯಾಜ್’ನ ಪತ್ರಗಳನ್ನೂ ವಚನಸಂಕಲನಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟು ಪರಿಶೀಲಿಸತಕ್ಕವರು ಅಂಥ ಊರುಗಳಿಂದಲೇ ಬರಬೇಕು.